ದಸ್ತಾವೇಜು ಓದು, ತಮ್ಮಾ

ಧಾರವಾಡ

ಚಿರಂಜೀವಿ ಮೊಮ್ಮಗನಿಗೆ,

ನಿನ್ನ ಪತ್ರ ಬಂದಾಗಿನಿಂದ ನನಗೆ ಅದರದೇ ಗುಂಗು. 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲವೇ ಅಲ್ಲ ಎಂದು ಚಾರ್ಲ್ಸ್‌ಟನ್ನಿನ ನಿನ್ನ ಗೆಳೆಯ ಹೇಳಿದನಂತೆ. ಅವನ ಮನೆಯವರೆಲ್ಲ ಹಾಗೇ ಹೇಳಿಕೊಂಡು ಬಂದಿದ್ದಾರಂತೆ. ‘ಏನು ಉತ್ತರ ಕೊಡಲಿ ಅಜ್ಜಾ’ ಎಂದು ಕೇಳಿದ್ದೀ. ಮೊದಲನೆಯದಾಗಿ, ಆ ಹುಡುಗನ ಮೇಲೆ ಸಿಟ್ಟಾಗಬೇಡ. ಮನೆಯ ಹಿರಿಯರ ಮಾತನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ನಾನು ಜೀವನವಿಡೀ ವಕೀಲಿ ಮಾಡಿದವನು. ತಂಟೆ ಹುಟ್ಟಿದ ದಿನ ಬರೆದ ಕಾಗದಕ್ಕೆ ಇರುವ ತೂಕ, ಸೋತ ಮೇಲೆ ಹೇಳುವ ಸಾಕ್ಷಿಗೆ ಇರುವುದಿಲ್ಲ. ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರಬಿದ್ದದ್ದು 1860ರ ಡಿಸೆಂಬರ್ 20ರಂದು, ನೀನಿರುವ ಚಾರ್ಲ್ಸ್‌ಟನ್ನಿನಲ್ಲೇ. ಯಾಕೆ ಹೊರಬಿದ್ದೆವು ಎಂಬ ಕಾರಣಗಳ ಘೋಷಣೆಯನ್ನು ಅವರೇ ಡಿಸೆಂಬರ್ 24ರಂದು ಅಂಗೀಕರಿಸಿದರು. ಅದರ ಮೊದಲ ಭಾಗದಲ್ಲಿ ನಿನ್ನ ಗೆಳೆಯನ ಮಾತು ಇದೆ: ರಾಜ್ಯ ಸಾರ್ವಭೌಮ, ಕರಾರು ಮುರಿದರೆ ಹೊರಡಬಹುದು. ಸರಿ, ಆದರೆ ಮುರಿದ ಕರಾರು ಯಾವುದು? ಅಲ್ಲಿಗೆ ಬಂದಕೂಡಲೆ ದೂರುಗಳೆಲ್ಲ ಗುಲಾಮರ ಸುತ್ತಲೇ. ಉತ್ತರದ ರಾಜ್ಯಗಳು ಓಡಿಬಂದ ಗುಲಾಮರನ್ನು ಹಿಡಿದುಕೊಡುತ್ತಿಲ್ಲ. ನ್ಯೂಯಾರ್ಕ್ ತನ್ನ ನೆಲದ ಮೇಲೆ ಗುಲಾಮನನ್ನು ಕರೆದುಕೊಂಡು ಹಾದುಹೋಗಲೂ ಬಿಡುತ್ತಿಲ್ಲ. ಗುಲಾಮಗಿರಿ ವಿರೋಧಿ ಸಂಘಗಳಿಗೆ ಅಲ್ಲಿ ಅವಕಾಶವಿದೆ. ಅಂಥದೇ ಮನಸ್ಸಿನವನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದಾರೆ. ಸುಂಕದ ಬಗ್ಗೆ ಅದರಲ್ಲಿ ಒಂದು ದೂರೂ ಇಲ್ಲ.

ಇದನ್ನು ನಿಧಾನವಾಗಿ ಓದು. ತನ್ನ ನೆಲದಲ್ಲಿ ತನ್ನ ಕಾನೂನು ನಡೆಯಲಿ ಎಂದು ಹಟ ಹಿಡಿದವರು ಉತ್ತರದವರು! ಓಡಿಹೋದ ಗುಲಾಮರ ಬಗೆಗಿನ 1850ರ ಕೇಂದ್ರ ಕಾಯಿದೆಯ ಪ್ರಕಾರ, ಗುಲಾಮನೆಂದು ಹಿಡಿದು ತಂದವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿರಲಿಲ್ಲ. ವಿಚಾರಿಸುವ ಕಮಿಷನರ್‌ಗೆ ಅವನನ್ನು ಯಜಮಾನನಿಗೆ ಒಪ್ಪಿಸಿದರೆ 10 ಡಾಲರ್, ಬಿಟ್ಟುಕಳಿಸಿದರೆ 5 ಡಾಲರ್ ಫೀಜು. ಈ ಸಾಲು ಮೊದಲ ಸಲ ಓದಿದಾಗ ವಕೀಲನಾದ ನನಗೆ ಮೈ ಉರಿದಿತ್ತು. 1854ರಲ್ಲಿ ಮಿಲ್ವಾಕಿಯ ಜನ ಜೈಲು ಒಡೆದು ಜೋಶುವಾ ಗ್ಲೋವರ್ ಎಂಬ ಓಡಿಬಂದ ಗುಲಾಮನನ್ನು ಬಿಡಿಸಿದರು. ಅವರ ಮುಂದಾಳು ಶೆರ್ಮನ್ ಬೂತ್‌ನ ಮೇಲೆ ಕೇಸಾಯಿತು. ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯೇ ಅಸಿಂಧು ಎಂದಿತು. 1859ರಲ್ಲಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಮರುವರ್ಷ ಚಾರ್ಲ್ಸ್‌ಟನ್ನಿನ ಘೋಷಣೆ ದೂರಿದ್ದು, ಇಂಥ ಕೇಂದ್ರ ಕಾಯಿದೆಗೆ ರಾಜ್ಯಗಳು ತಲೆಬಾಗುತ್ತಿಲ್ಲ ಎಂದೇ.

ಹೊರಬಿದ್ದ ದಕ್ಷಿಣದ ರಾಜ್ಯಗಳು ಕೂಡಿ ಬರೆದುಕೊಂಡ ತಮ್ಮದೇ ಹೊಸ ಸಂವಿಧಾನದಲ್ಲಾದರೂ ರಾಜ್ಯಗಳಿಗೆ ಆ ಹಕ್ಕು ಕೊಟ್ಟರೇ? ಹೊರಗಿನ ಯಜಮಾನ ತನ್ನ ಗುಲಾಮನೊಡನೆ ಬಂದರೆ ತಡೆಯುವ ಅಧಿಕಾರ ಅಲ್ಲಿ ಯಾವ ರಾಜ್ಯಕ್ಕೂ ಇರಲಿಲ್ಲ. ಅವರ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ, ಕರಿಯನು ಬಿಳಿಯನಿಗೆ ಸಮನಲ್ಲ ಎಂಬುದೇ ಈ ಸರ್ಕಾರದ ಅಡಿಗಲ್ಲು ಎಂದು ಸಾರಿ ಹೇಳಿದ. ಸೋತ ಮೇಲೆ ಅವನೇ ಎರಡು ಸಂಪುಟ ಬರೆದು, ಎಲ್ಲವೂ ರಾಜ್ಯಗಳ ಹಕ್ಕಿನ ತಂಟೆ ಎಂದು ವಾದಿಸಿದ. ನಿನ್ನ ಗೆಳೆಯನ ಮನೆಗೆ ಬಂದ ಮಾತು ಇಂಥ ಪುಸ್ತಕಗಳಿಂದ ಬೆಳೆದದ್ದು.

ಉತ್ತರದವರನ್ನೂ ಹೊಗಳಬೇಡ. ಗುಲಾಮರನ್ನಿಟ್ಟುಕೊಂಡ ನಾಲ್ಕು ರಾಜ್ಯಗಳು ಅಧ್ಯಕ್ಷ ಲಿಂಕನ್ನನ ಕಡೆಯಲ್ಲೇ ಉಳಿದಿದ್ದವು. ಅವನು ಮೊದಲು ಹೋರಾಡಿದ್ದು ಒಕ್ಕೂಟ ಉಳಿಸಲು. ವಿಮೋಚನೆಯ ಘೋಷಣೆ ಬಂದದ್ದು 1863ರಲ್ಲಿ. ನಾವೂ ಪೂರ್ತಿ ಹೊರಗಿನವರಲ್ಲ. ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂತು. ಕಾರವಾರ ಬಂದರು ಬೆಳೆದದ್ದೂ ಆ ಕಾಲದಲ್ಲೇ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಪ್ರಶ್ನೆ. ರಾಜ್ಯ ಎಂದರೆ ಯಾರು? 1860ರಲ್ಲಿ ದಕ್ಷಿಣ ಕೆರೊಲಿನಾದ ಸುಮಾರು 7 ಲಕ್ಷ ಜನರಲ್ಲಿ 4 ಲಕ್ಷ ಜನ ಗುಲಾಮರು. ಅರ್ಧಕ್ಕಿಂತ ಹೆಚ್ಚು ಜನರನ್ನು ಒಂದು ಮಾತೂ ಕೇಳದೆ, ರಾಜ್ಯದ ಹೆಸರಿನಲ್ಲಿ ಉಳಿದವರು ಹೊರಟರು. ಕೇಳಿದ್ದರೆ ಏನೆನ್ನುತ್ತಿದ್ದರು? ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ 1862ರ ಮೇ 13ರ ನಸುಕಿನಲ್ಲಿ ನಿಮ್ಮೂರಿನ ಬಂದರಿನಿಂದಲೇ ‘ಪ್ಲಾಂಟರ್’ ಎಂಬ ಸೇನಾ ಹಡಗನ್ನು, ಹೆಂಡತಿ ಮಕ್ಕಳ ಸಮೇತ, ಕೋಟೆಯ ತೋಪುಗಳ ಕೆಳಗೇ ದಾಟಿಸಿ ಲಿಂಕನ್ನನ ನೌಕಾಪಡೆಗೆ ಒಪ್ಪಿಸಿದ. ಮುಂದೆ ಅದೇ ರಾಜ್ಯದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋದ. ಅವನೂ ದಕ್ಷಿಣದವನೇ ಅಲ್ಲವೇ ತಮ್ಮಾ?

ಗೆಳೆಯನ ಜೊತೆ ಕೂತು ಆ ಡಿಸೆಂಬರ್ 24ರ ಘೋಷಣೆಯನ್ನು ಪೂರ್ತಿ ಓದು. ವಾದ ಗೆಲ್ಲುವ ಅವಸರ ಬೇಡ. ಓದುವ ಸರದಿ ಅವನಿಗೇ ಕೊಡು. ಅವನು ಏನೆಂದ ಎಂಬುದನ್ನು ತಪ್ಪದೆ ನನಗೆ ಬರೆ.

ಇಂತಿ ನಿನ್ನ
ಅಜ್ಜ