‘ರಿಪೋರ್ಟ್ ಬರಲಿ, ಆಮೇಲೆ ನೋಡೋಣ’ ಎಂದರೆ

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಅಪೆಂಡಿಸೈಟಿಸ್ ಬರುವುದೇನೂ ನಿಲ್ಲಲಿಲ್ಲ. ಆದರೂ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಆ ಕೇಸುಗಳ ಸಂಖ್ಯೆ ಇಳಿಯಿತು. ಬಂದವರಲ್ಲಿ ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಕೀವಾದವರ ಪಾಲು ಏರಿತು. ಹೊಕ್ಕುಳ ಸುತ್ತ ನೋವು ಶುರುವಾದಾಗ ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿದು ಮಲಗಿದವರಿದ್ದರು. ನೋವು ಬಲಗಡೆಯ ಕೆಳಹೊಟ್ಟೆಗೆ ಇಳಿದು ವಾಂತಿ, ಜ್ವರ ಬಂದ ಮೇಲೂ ‘ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತೆ’ ಎಂದು ಹೆದರಿದವರಿದ್ದರು. ಧೈರ್ಯ ಮಾಡಿ ಹೋದವರಲ್ಲಿ ಕೆಲವರನ್ನು ಕ್ಯಾಶುವಾಲ್ಟಿ ಬಾಗಿಲಲ್ಲೇ ತಡೆದು, ಮೊದಲು ಟೆಸ್ಟ್ ಮಾಡಿಸಿಕೊಂಡು ಬನ್ನಿ ಎಂದರು.

ಮೊದಲಿನ ಎರಡಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ಮೂರನೆಯದಕ್ಕೆ ಇದೆ, ಆಗಲೂ ಇತ್ತು. ಪರೀಕ್ಷೆ ಆಗಿಲ್ಲವೆಂಬ ಕಾರಣಕ್ಕೆ ಹೆರಿಗೆಯೂ ಸೇರಿ ಯಾವ ತುರ್ತು ಚಿಕಿತ್ಸೆಯನ್ನೂ ತಡಮಾಡುವಂತಿಲ್ಲ, ಅಗತ್ಯವಿದ್ದರೆ ಸ್ಯಾಂಪಲ್ಲನ್ನು ಜೊತೆಜೊತೆಗೇ ಕಳಿಸಬಹುದು ಎಂದು ಐಸಿಎಂಆರ್ 2020ರ ಮೇ 18ರ ಪರೀಕ್ಷಾ ಮಾರ್ಗಸೂಚಿಯಲ್ಲೇ ಹೇಳಿತ್ತು. ಆಸ್ಪತ್ರೆಗಳ ಭಯವೂ ಸುಳ್ಳಲ್ಲ. ಸೋಂಕಿದ್ದವರಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ ಒಂದು ತಿಂಗಳೊಳಗೆ ಸುಮಾರು ನಾಲ್ವರಲ್ಲಿ ಒಬ್ಬರು ತೀರಿಕೊಂಡದ್ದನ್ನು ಆ ವರ್ಷದ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತ್ತು. ಆದರೆ ಆ ಭಯಕ್ಕೆ ಉತ್ತರ ಪಿಪಿಇ ಕಿಟ್, ಪ್ರತ್ಯೇಕ ಆಪರೇಷನ್ ಥಿಯೇಟರ್. ಬಾಗಿಲು ಹಾಕುವುದಲ್ಲ.

ತುರ್ತು ಚಿಕಿತ್ಸೆ ಪಡೆಯುವ ಹಕ್ಕಿನ ಬೇರು ಸಂವಿಧಾನದ 21ನೇ ವಿಧಿಯಲ್ಲಿದೆ. ಸರ್ಕಾರಿಯಾಗಲಿ, ಖಾಸಗಿಯಾಗಲಿ, ಜೀವ ಉಳಿಸುವುದು ಪ್ರತಿ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣ ಇನ್ನೂ ಹತ್ತಿರದ್ದು. 1992ರ ಜುಲೈನ ಒಂದು ಸಂಜೆ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕೋಲ್ಕತ್ತದ ದೊಡ್ಡ ಸರ್ಕಾರಿ ಆಸ್ಪತ್ರೆಗಳ ತನಕ ರಾತ್ರಿಯಿಡೀ ಅಲೆಸಿದರು. ಒಂದೆಡೆ ಹಾಸಿಗೆ ಇಲ್ಲ, ಇನ್ನೊಂದೆಡೆ ಸೌಲಭ್ಯ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆ ಸೇರಿ ಆತ ಬದುಕಿದ. ಸಕಾಲದಲ್ಲಿ ಚಿಕಿತ್ಸೆ ಕೊಡದ್ದು ಜೀವಿಸುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲವೆಂಬ ನೆಪವನ್ನು ಸರ್ಕಾರ ಹೇಳುವಂತಿಲ್ಲ ಎಂದ ಕೋರ್ಟು 25,000 ರೂಪಾಯಿ ಪರಿಹಾರ ಕೊಡಿಸಿತು. ಎಲ್ಲಿ ಹಾಸಿಗೆ ಖಾಲಿ ಇದೆಯೆಂದು ತಕ್ಷಣ ತಿಳಿಯುವ ಕೇಂದ್ರೀಕೃತ ವ್ಯವಸ್ಥೆ ಬೇಕೆಂದೂ ಹೇಳಿತು. 2021ರ ಏಪ್ರಿಲ್‌ನಲ್ಲಿ ಒಂದು ಬೆಡ್ಡಿಗಾಗಿ ರಾತ್ರಿಯಿಡೀ ಫೋನ್ ತಿರುಗಿಸಿದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಕೌಂಟರಿನ ಮುಂದೆ ನಿಂತವರಿಗೆ ತೀರ್ಪುಗಳ ಹೆಸರಿನಿಂದ ದೊಡ್ಡ ಪ್ರಯೋಜನವಿಲ್ಲ. ಅಲ್ಲಿ ಕೇಳಬೇಕಾದ್ದು ಇಷ್ಟು: ‘ಟೆಸ್ಟಿಗೆ ಸ್ಯಾಂಪಲ್ ತಗೊಳ್ಳಿ, ಬೇಡ ಅನ್ನೋದಿಲ್ಲ. ಅಷ್ಟರಲ್ಲಿ ಡ್ಯೂಟಿ ಡಾಕ್ಟರ್ ಬಂದು ಹೊಟ್ಟೆ ಮುಟ್ಟಿ ನೋಡಲಿ.’ ಸರ್ಜನ್ ಇಲ್ಲ, ಅರಿವಳಿಕೆ ತಜ್ಞರಿಲ್ಲ ಎಂಬುದು ನಿಜವಿರಬಹುದು. ಆಗಲೂ ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು, ರೋಗಿಯ ಸ್ಥಿತಿ ಮತ್ತು ಕಳಿಸುತ್ತಿರುವ ಕಾರಣ ಬರೆದ ರೆಫರಲ್ ಚೀಟಿ ಕೊಡಬೇಕು. ಅದರಲ್ಲಿ ಗಂಟೆ ನಮೂದಾಗಿದೆಯೇ ಎಂದು ನೋಡಿ. ಬರಿಗೈಲಿ ಕಳಿಸಿದರೆ ಅದೇ ರಾತ್ರಿ ಆಸ್ಪತ್ರೆಯ ಇಮೇಲ್‌ಗೆ ಇಷ್ಟು ಬರೆದು ಹಾಕಿ:

‘ಇಂದು ರಾತ್ರಿ 9.20ಕ್ಕೆ ಬಲ ಕೆಳಹೊಟ್ಟೆಯ ನೋವು, ವಾಂತಿ ಇದ್ದ ನನ್ನ ತಮ್ಮನನ್ನು ನಿಮ್ಮ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದಿದ್ದೆ. ಸೋಂಕಿನ ವರದಿ ಇಲ್ಲವೆಂದು ವೈದ್ಯರು ಪರೀಕ್ಷಿಸದೆ 9.45ಕ್ಕೆ ವಾಪಸ್ ಕಳಿಸಿದರು. ಕಾರಣವನ್ನು ಲಿಖಿತವಾಗಿ ತಿಳಿಸಿ.’

ಗಂಟೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ವಿಚಾರಣೆಯಲ್ಲಿ ಆಸ್ಪತ್ರೆಯ ವಕೀಲರು ‘ರೋಗಿ ಎರಡು ದಿನ ಮನೆಯಲ್ಲೇ ಇದ್ದ, ಬರುವ ಹೊತ್ತಿಗೇ ಒಡೆದಿತ್ತು’ ಎಂದು ವಾದಿಸುವುದು ಸಹಜ. ತಡ ಯಾರದ್ದೆಂದು ಹೇಳುವುದು ಓಪಿ ಚೀಟಿ, 108ಕ್ಕೆ ಮಾಡಿದ ಕರೆಯ ದಾಖಲೆ, ಸ್ಕ್ಯಾನಿಂಗ್ ವರದಿ, ಕೊನೆಗೆ ಅಪೆಂಡಿಕ್ಸ್ ಯಾವ ಸ್ಥಿತಿಯಲ್ಲಿತ್ತೆಂದು ಸರ್ಜನ್ ಬರೆದ ಆಪರೇಷನ್ ನೋಟ್ಸ್. ಹೀಗಾಗಿ ಡಿಸ್ಚಾರ್ಜ್ ಸಮ್ಮರಿಯೊಂದೇ ಸಾಲದು, ಇಡೀ ಕೇಸ್ ಶೀಟಿನ ಪ್ರತಿ ಬೇಕು. 2002ರ ವೈದ್ಯಕೀಯ ಮಂಡಳಿ ನಿಯಮಾವಳಿಯಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬೇಡಿ.

ಆಪರೇಷನ್ ಮಾಡದೆ ಬರೀ ಆಂಟಿಬಯೋಟಿಕ್ ಕೊಟ್ಟು ಕಳಿಸಿದರು, ಇದು ನಿರ್ಲಕ್ಷ್ಯ ಅಲ್ಲವೇ ಎಂಬ ಪ್ರಶ್ನೆಯೂ ಆಗ ಎದ್ದಿತ್ತು. ಅಷ್ಟರಿಂದಲೇ ಅಲ್ಲ. ಬ್ರಿಟನ್ನಿನ ಸರ್ಜನ್‌ಗಳ ಸಂಸ್ಥೆಗಳು 2020ರ ಮಾರ್ಚ್‌ನಲ್ಲೇ ಇದನ್ನು ಪರಿಗಣಿಸಬಹುದೆಂದಿದ್ದವು. ಅಮೆರಿಕದಲ್ಲಿ 1,552 ವಯಸ್ಕರ ಮೇಲೆ ನಡೆದು ಅದೇ ಅಕ್ಟೋಬರ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ಪಡೆದ ಹತ್ತರಲ್ಲಿ ಸುಮಾರು ಮೂವರಿಗೆ 90 ದಿನದೊಳಗೆ ಆಪರೇಷನ್ ಬೇಕಾಯಿತು, ಉಳಿದವರಿಗೆ ಆ ಅವಧಿಯಲ್ಲಿ ಬೇಕಾಗಲಿಲ್ಲ. ವೈದ್ಯಲೋಕ ಒಪ್ಪಿದ ಎರಡು ದಾರಿಗಳಲ್ಲಿ ಒಂದನ್ನು ಹಿಡಿದದ್ದನ್ನು ನ್ಯಾಯಾಲಯ ತಪ್ಪೆನ್ನುವುದಿಲ್ಲ. ಆದರೆ ಆ ಮೂವರಲ್ಲಿ ನೀವೂ ಒಬ್ಬರಾಗಬಹುದು, ನೋವು ಮರಳಿದರೆ ತಕ್ಷಣ ಬನ್ನಿ ಎಂದು ನಿಮಗೆ ಹೇಳಿದ್ದರೇ? ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ದಾರಿ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ವಿಧಿಸಿದೆ. ನಡುರಾತ್ರಿ ಇಂಗ್ಲಿಷ್ ಫಾರಂ ಮುಂದಿಟ್ಟು ‘ಇಲ್ಲಿ ಸೈನ್ ಹಾಕಿ’ ಎಂದರೆ, ಕನ್ನಡದಲ್ಲಿ ವಿವರಿಸಿ ಎನ್ನಲು ಸಂಕೋಚ ಬೇಡ.

ಇನ್ನು ಹಣ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ ತುರ್ತು ಸಂದರ್ಭದಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ. ಬಿಲ್ಲು ಆಮೇಲೆ ಬಂದೇ ಬರುತ್ತದೆ, ಅದು ಮಾಫಿಯಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ. ನೋಂದಾಯಿತ ಆಸ್ಪತ್ರೆಯಲ್ಲಿ ಮೊದಲು ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಹುಡುಕಿ. ಗೊತ್ತಾಗದಿದ್ದರೆ 104ಕ್ಕೆ ಫೋನ್ ಮಾಡಿ.

ದೂರು ಎಲ್ಲಿಗೆ ಎಂಬುದು ಏನು ಬೇಕು ಎಂಬುದರ ಮೇಲಿದೆ. ಖಾಸಗಿ ಆಸ್ಪತ್ರೆಯ ಮೇಲೆ ಕ್ರಮ ಬೇಕಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿ, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿಯಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ. ಅದಕ್ಕೆ ಹೈಕೋರ್ಟಿನಲ್ಲಿ ರಿಟ್ ಇದೆ, ಒಂದು ವರ್ಷದೊಳಗಾದರೆ ಮಾನವ ಹಕ್ಕುಗಳ ಆಯೋಗವಿದೆ.

ಜನ ಅಷ್ಟಾಗಿ ಬಳಸದ ಇನ್ನೊಂದು ಬಾಗಿಲು ಖಾಯಂ ಲೋಕ ಅದಾಲತ್. ಆಸ್ಪತ್ರೆ ಸೇವೆಯೂ ಅದರ ವ್ಯಾಪ್ತಿಯಲ್ಲಿದೆ. ಕೋರ್ಟು ಶುಲ್ಕವಿಲ್ಲ, ರಾಜಿಯಾಗದಿದ್ದರೆ ಅದೇ ತೀರ್ಪು ಕೊಡಬಲ್ಲದು. ಬೇರೆ ಕೋರ್ಟಿಗೆ ಹೋಗುವ ಮುಂಚೆ ಇಲ್ಲಿಗೆ ಬಂದಿರಬೇಕು, ಅಷ್ಟೆ. ಉಚಿತ ಕಾನೂನು ನೆರವಿಗೆ 15100.

ಪೊಲೀಸ್ ಠಾಣೆಗೆ ಓಡುವುದರಿಂದ ಸಿಗುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ವೈದ್ಯರ ಮೇಲೆ ಕ್ರಿಮಿನಲ್ ಕೇಸ್ ನಿಲ್ಲಬೇಕಾದರೆ ಘೋರ ನಿರ್ಲಕ್ಷ್ಯವೇ ಇರಬೇಕೆಂದು 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗಾಜು ಒಡೆದು ಸಿಬ್ಬಂದಿ ಮೇಲೆ ಕೈಮಾಡಿದರೆ ಕೇಸು ನಿಮ್ಮ ಮೇಲೆ ಬೀಳುತ್ತದೆ. 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಿದ್ದುಪಡಿ ಸಾಂಕ್ರಾಮಿಕದ ಕಾಲದಲ್ಲಿ ಅದನ್ನು ಜಾಮೀನುರಹಿತ ಅಪರಾಧವಾಗಿಸಿದೆ.

ಗ್ರಾಹಕ ಆಯೋಗದಲ್ಲಿ ಎರಡು ವರ್ಷದ ಗಡುವಿದೆ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಸುಪ್ರೀಂ ಕೋರ್ಟ್ ಗಡುವಿನ ಲೆಕ್ಕದಿಂದ ಕೈಬಿಟ್ಟಿತ್ತು. ಆ ದಿನಗಳ ಪ್ರಕರಣಗಳಿಗೂ 2024ರ ಫೆಬ್ರವರಿ ಕೊನೆಗೆ ಅವಧಿ ಮುಗಿದಿದೆ. ಈಗ ಹೋಗುವವರು ವಿಳಂಬ ಮನ್ನಿಸಲು ಸಕಾರಣ ತೋರಿಸುವ ಪ್ರತ್ಯೇಕ ಅರ್ಜಿಯನ್ನು ದೂರಿನ ಜೊತೆಗೇ ಹಾಕಬೇಕು.