ಬೆಳಕಿನ ಕೀಲಿಕೈ

ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬನು ಅಥಣಿಯಲ್ಲಿರುವ ತನ್ನ ಪಾಲುದಾರನಿಗೆ ಧಾರಣೆಯ ಗುಟ್ಟನ್ನು ತಿಳಿಸಬೇಕಾಗಿದೆ ಎಂದುಕೊಳ್ಳೋಣ. ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು, ಕೀಲಿ ಹಾಕಿ, ಆಳಿನ ಕೈಯಲ್ಲಿ ಕಳುಹಿಸುತ್ತಾನೆ. ಪೆಟ್ಟಿಗೆಯು ಚಿಕ್ಕೋಡಿಯನ್ನು ಹಾದು, ಕೃಷ್ಣಾ ನದಿಯನ್ನು ದಾಟಿ ಅಥಣಿಯನ್ನು ಸೇರುತ್ತದೆ. ಆದರೆ ಅದನ್ನು ತೆರೆಯಲು ಕೀಲಿಕೈ ಬೇಕಲ್ಲವೆ? ಅದೂ ಅದೇ ದಾರಿಯಲ್ಲಿ ಬರಬೇಕು. ನಡುವೆ ಯಾರಾದರೂ ಮೇಣದಲ್ಲಿ ಅದರ ಅಚ್ಚನ್ನು ತೆಗೆದುಕೊಂಡರೆ ಇಬ್ಬರಿಗೂ ಸುಳಿವು ಸಿಗದು.

ಇಂದು ಬ್ಯಾಂಕುಗಳ ಲೆಕ್ಕ, ಸೈನ್ಯದ ಸಂದೇಶ ಮೊದಲಾದವು ಗೂಢಲಿಪಿಯಲ್ಲಿ ಸಾಗುತ್ತವೆ. ಅಲ್ಲಿ ಕೀಲಿಕೈ ಎಂದರೆ 0 ಮತ್ತು 1 ಎಂಬ ಅಂಕಿಗಳ ಉದ್ದನೆಯ ಸಾಲು. ಅದನ್ನು ಗುಟ್ಟಾಗಿ ತಲುಪಿಸಲು ಬಹುಕಾಲದಿಂದ ಬಳಸುತ್ತಿರುವ ವಿಧಾನಗಳು ಬಿಡಿಸಲು ಕಠಿಣವಾದ ಗಣಿತವನ್ನು ನೆಚ್ಚಿಕೊಂಡಿವೆ. ಸಾಕಷ್ಟು ದೊಡ್ಡ ಕ್ವಾಂಟಂ ಗಣಕಯಂತ್ರವು ಇಂತಹ ಲೆಕ್ಕಗಳನ್ನು ಬೇಗನೆ ಬಿಡಿಸಬಲ್ಲುದೆಂದು 1994ರಲ್ಲಿ ಪೀಟರ್ ಶೋರ್ ತೋರಿಸಿಕೊಟ್ಟರು.

ಈ ತೊಡಕಿಗೆ ಒಂದು ಪರಿಹಾರವು ಅದಕ್ಕೂ ಹತ್ತು ವರ್ಷ ಮೊದಲೇ ನಮ್ಮ ಬೆಂಗಳೂರಿನಲ್ಲಿ ಬೆಳಕಿಗೆ ಬಂದಿತ್ತು. 1984ರ ಡಿಸೆಂಬರಿನಲ್ಲಿ ಅಲ್ಲಿ ಜರುಗಿದ ಅಂತರರಾಷ್ಟ್ರೀಯ ಸಮ್ಮೇಳನದ ಪ್ರಬಂಧಗಳಲ್ಲಿ ಅಮೆರಿಕದ ಚಾರ್ಲ್ಸ್ ಬೆನೆಟ್ ಮತ್ತು ಕೆನಡಾದ ಝಿಲ್ ಬ್ರಸಾರ್ ಅವರ ಪ್ರಬಂಧವೂ ಒಂದು. ಅವರ ಹೆಸರುಗಳ ಮೊದಲಕ್ಷರ ಮತ್ತು ಆ ವರ್ಷ ಸೇರಿ ಅವರ ವಿಧಾನಕ್ಕೆ 'ಬಿಬಿ84' ಎಂಬ ಹೆಸರಾಯಿತು.

ಬೆಳಕು ಫೋಟಾನ್ ಎಂಬ ಕಣಗಳಾಗಿ ಸಾಗುತ್ತದೆ. ಅದರ ಕಂಪನವು ನೆಟ್ಟಗೆ ಅಥವಾ ಅಡ್ಡವಾಗಿರಬಹುದು. ಇಲ್ಲವೆ ಎರಡು ಬಗೆಯ ಓರೆಯಲ್ಲಿರಬಹುದು. ಕಳುಹಿಸುವವನು ಈ ಎರಡು ಜೋಡಿಗಳಲ್ಲಿ ಮನಬಂದದ್ದನ್ನು ಆರಿಸಿ, ಪ್ರತಿ ಕಣದಲ್ಲಿ 0 ಅಥವಾ 1ನ್ನು ಅಡಗಿಸುತ್ತಾನೆ. ಪಡೆಯುವವನೂ ಮನಬಂದ ಜೋಡಿಯಿಂದಲೇ ಅಳೆಯುತ್ತಾನೆ. ಬಳಿಕ ಇಬ್ಬರೂ ತಾವು ಬಳಸಿದ ಜೋಡಿಗಳನ್ನು ಮಾತ್ರ ಬಹಿರಂಗವಾಗಿ ಹೇಳಿಕೊಂಡು, ಹೊಂದಿಕೆಯಾದವುಗಳನ್ನು ಉಳಿಸಿಕೊಳ್ಳುತ್ತಾರೆ.

ನಡುವೆ ಕಳ್ಳನೊಬ್ಬನು ಕಣವನ್ನು ಹಿಡಿದನೆನ್ನೋಣ. ಯಾವ ಜೋಡಿಯೆಂಬುದನ್ನು ಅವನರಿಯನು. ತಪ್ಪು ಜೋಡಿಯಿಂದ ಅಳೆದರೆ ಕಣದ ಮೂಲಸ್ಥಿತಿ ಅಳಿಸಿಹೋಗುತ್ತದೆ. ಅರಿಯದ ಸ್ಥಿತಿಯ ಕಣದ ತದ್ರೂಪು ಪ್ರತಿಯನ್ನು ತೆಗೆಯುವುದಂತೂ ನಿಸರ್ಗನಿಯಮಕ್ಕೇ ವಿರುದ್ಧ. ಅವನು ಎಲ್ಲ ಕಣಗಳನ್ನೂ ಹೀಗೆ ಅಳೆದು ಮುಂದೆ ಕಳುಹಿಸಿದರೆ, ಉಳಿದ ಅಂಕಿಗಳಲ್ಲಿ ಸರಾಸರಿ 100ಕ್ಕೆ 25 ತಪ್ಪಾಗುತ್ತವೆ. ಕೆಲವನ್ನು ಹೋಲಿಸಿ ನೋಡಿದಾಗ ಕಳ್ಳತನ ಬಯಲಾಗುತ್ತದೆ. ಆ ಕೀಲಿಕೈಯನ್ನು ಬಿಸುಟು ಹೊಸದನ್ನು ರಚಿಸಬಹುದು.

1989ರ ಮೊದಲ ಪ್ರಯೋಗದಲ್ಲಿ ಕಣಗಳು ಸಾಗಿದ ದೂರ ಸುಮಾರು 30 ಸೆಂಟಿಮೀಟರ್ ಮಾತ್ರ. 2021ರಲ್ಲಿ ಇಸ್ರೋ ಅಹಮದಾಬಾದಿನಲ್ಲಿ 300 ಮೀಟರ್ ದೂರಕ್ಕೆ ಇದನ್ನು ಸಾಧಿಸಿತು. ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡವು ಎರಡು ಕಟ್ಟಡಗಳ ನಡುವೆ ತೆರೆದ ಗಾಳಿಯಲ್ಲಿ ಇದನ್ನು ನಡೆಸಿ ತೋರಿಸಿತು. 2023ರಲ್ಲಿ ಭಾರತ ಸರ್ಕಾರವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ನೀಡಿತು.

ಆದರೂ ಒಂದು ಮಾತನ್ನು ಮರೆಯಬಾರದು. ಆಚೆ ತುದಿಯಲ್ಲಿರುವವನು ನಮ್ಮ ಪಾಲುದಾರನೇ ಹೌದೆ ಎಂಬುದನ್ನು ಫೋಟಾನ್ ಹೇಳಲಾರದು. ಅದನ್ನು ಬೇರೆ ಉಪಾಯದಿಂದ ಖಚಿತಪಡಿಸಿಕೊಳ್ಳಬೇಕು. ದಾರಿಯನ್ನು ಬೆಳಕು ಕಾಯುತ್ತದೆ. ಬಾಗಿಲನ್ನು ಮನುಷ್ಯನೇ ಕಾಯಬೇಕು.