ಅರ್ಜಿ ಬರಲಿಲ್ಲ ಅನ್ನಬೇಡ

ತಮ್ಮಾ, ಹೆಗ್ಗಡದೇವನಕೋಟೆಯ ಜೇನುಕುರುಬ ಆದಿವಾಸಿಗಳ ಹಾಡಿಗಳಲ್ಲಿ ಕೆಲಸ ಮಾಡುವ ಸಂಸ್ಥೆಯ ಹೊಣೆ ಹೊತ್ತಿದ್ದೀಯ, ಒಳ್ಳೆಯದಾಗಲಿ. ಮೊನ್ನೆ ನೀನು ಹೇಳಿದ ಒಂದು ಮಾತು ಮಾತ್ರ ಮನಸ್ಸಿನಲ್ಲೇ ಉಳಿದಿದೆ. "ಹಾಡಿಯ ಮಕ್ಕಳನ್ನೇ ಕೆಲಸಕ್ಕೆ ತಗೊಳ್ಳೋಣ ಅಂತ ನಮಗೂ ಆಸೆ, ಏನು ಮಾಡೋದು, ಅರ್ಜಿಯೇ ಬರೋಲ್ಲ" ಅಂದೆ. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದವನು. ಅದು ತಪ್ಪೆಂದು ತಿಳಿಯುವಷ್ಟರಲ್ಲಿ ತಲೆ ನರೆತಿತ್ತು.

ನಿನ್ನ ಪ್ರಕಟಣೆಯನ್ನೊಮ್ಮೆ ತೆಗೆದು ಓದು. ಪದವಿ ಕಡ್ಡಾಯ, ಬಯೋಡೇಟಾ ಇಮೇಲ್‌ನಲ್ಲಿ, ಬೈಕ್ ಲೈಸೆನ್ಸ್ ಇರಬೇಕು, ಸಂದರ್ಶನ ಮೈಸೂರಿನಲ್ಲಿ. ಬಾಣಂತಿಯ ಮನೆಗೆ ಹೋಗಿ ಕೂಸಿನ ತೂಕ ನೋಡಿ ಬರುವ ಕೆಲಸಕ್ಕೆ ಪದವಿ ಯಾಕಪ್ಪಾ? ಆಶ್ರಮಶಾಲೆ ಮುಗಿಸಿ, ಹೈಸ್ಕೂಲು ಅರ್ಧಕ್ಕೆ ಬಿಟ್ಟು, ಕೊಡಗಿನ ಕಾಫಿ ತೋಟದ ಜೀಪು ಹತ್ತಿದ ಮಕ್ಕಳು ಅಲ್ಲಿ ಎಷ್ಟೋ ಮಂದಿ. ಜೇನುಕುರುಬರ ನುಡಿ ಬಲ್ಲವರು, ಹಾಡಿಯ ಒಂದೊಂದು ಮನೆಯ ಕಷ್ಟಸುಖ ಗೊತ್ತಿರುವವರು ಅವರೇ. ಅದನ್ನೇ ಅರ್ಹತೆ ಎಂದು ಬರೆ.

ಕಾಗದವೆಂದರೆ ಅಲ್ಲಿ ಭಯವಿದೆ. ನಾಗರಹೊಳೆ ಕಾಡಿನಿಂದ ಹೊರಬಂದ ಕುಟುಂಬಗಳು ಹೆಬ್ಬೆಟ್ಟು ಒತ್ತಿ ಕಳೆದುಕೊಂಡದ್ದನ್ನು ಮರೆತಿಲ್ಲ. ಅರ್ಜಿಯನ್ನು ಜಗಲಿಯಲ್ಲಿ ಕೂತು, ಅವರು ಹೇಳಿದಂತೆ ನೀನೇ ಬರೆದುಕೊ, ಬರೆದದ್ದನ್ನು ಓದಿ ಹೇಳು.

ಸಂದರ್ಶನದ ವಿಷಯಕ್ಕೆ ಬರುತ್ತೇನೆ. ಒಮ್ಮೆ ಮೇಜಿನ ಈಚೆ ನಾವು ನಾಲ್ವರು, ಆಚೆ ಒಬ್ಬಳೇ ಹುಡುಗಿ. ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಏನು ಕೇಳಿದರೂ "ಹೂಂ", "ಗೊತ್ತಿಲ್ಲ ಸಾರ್". ಆತ್ಮವಿಶ್ವಾಸ ಕಡಿಮೆ ಎಂದು ಬರೆದು ಬಿಟ್ಟೆವು. ವಾರದ ಮೇಲೆ ಅವಳ ಹಾಡಿಗೆ ಹೋದಾಗ, ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆ ನೀರು ಕಲಸುವುದನ್ನು ಆರೇಳು ತಾಯಂದಿರಿಗೆ ತೋರಿಸಿಕೊಡುತ್ತಿದ್ದಳು. ಎಲ್ಲಿಯೂ ತಡವರಿಸಲಿಲ್ಲ. ಅಂದು ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ, ಪ್ರಶ್ನೆ ಕೇಳಬೇಡ, ಒಂದು ದಿನ ಕೆಲಸ ಮಾಡಿಸಿ ನೋಡು, ಆ ದಿನದ ಕೂಲಿಯನ್ನೂ ಕೊಡು.

ತೆಗೆದುಕೊಂಡರೆ ಇಬ್ಬರನ್ನು ಒಟ್ಟಿಗೆ ತೆಗೆದುಕೊ. ಒಬ್ಬರೇ ಆದರೆ ಕಚೇರಿಯ ಊಟದ ಹೊತ್ತಿಗೆ ಮೂಲೆ ಸೇರುತ್ತಾರೆ, ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆ. 2011ರ ಜನಗಣತಿಯಂತೆ ಜೇನುಕುರುಬರು ಸುಮಾರು 36 ಸಾವಿರ ಜನ. ಎಲ್ಲರೂ ಒಬ್ಬರಿಗೊಬ್ಬರು ನೆಂಟರು. ನಿನ್ನ ಕಚೇರಿಯಲ್ಲಿ ಆದ ಅವಮಾನ ಹತ್ತಾರು ಹಾಡಿಗಳಿಗೆ ತಲುಪುತ್ತದೆ, ಮರ್ಯಾದೆಯೂ ಹಾಗೆಯೇ.

ಸಂಬಳದಲ್ಲಿ ಭೇದ ಬೇಡ. ಗೌರವಧನ ಎಂಬ ಚಂದದ ಹೆಸರಿಟ್ಟು ಅರ್ಧ ದುಡ್ಡು ಕೊಡುವುದು ಅನ್ಯಾಯ. ಜೇನಿನ ಕಾಲಕ್ಕೆ, ಹಾಡಿಯಲ್ಲಿ ಸಾವಾದಾಗ ರಜೆ ಕೊಡು.

ನನಗೆ ಹೆಚ್ಚು ನೋವು ಕೊಟ್ಟದ್ದು ಇನ್ನೊಂದು. ಹಾಡಿಯವರು ಹತ್ತು ವರ್ಷವಾದರೂ ಕ್ಷೇತ್ರ ಕಾರ್ಯಕರ್ತರಾಗಿಯೇ ಉಳಿಯುತ್ತಾರೆ, ಸಂಯೋಜಕರು ಪಟ್ಟಣದಿಂದ ಬರುತ್ತಾರೆ. ಇದನ್ನು ನೀನು ಮುರಿಯಬೇಕು. ಕಾಡಿನ ಮಕ್ಕಳಿಂದ ಆಗದು ಅನ್ನಬೇಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯದ ಸಿ. ಮಾದೇಗೌಡರು ಪಿಎಚ್.ಡಿ. ಪಡೆದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನಲ್ಲಿ ಕೂತರು. ನಿನ್ನ ಸಂಸ್ಥೆಯಲ್ಲಿ ಸಂಯೋಜಕರ ಕುರ್ಚಿಯೊಂದು ಹಾಡಿಯವರಿಗೆ ಸಿಗದೇ ಹೋದರೆ ಅದಕ್ಕೆ ನೀನೇ ಉತ್ತರ ಹೇಳಬೇಕು.

ಈ ಸಲದ ಪ್ರಕಟಣೆ ಪತ್ರಿಕೆಗೆ ಕಳಿಸುವ ಮೊದಲು ಹಾಡಿಗೆ ಹೋಗಿ ಯಜಮಾನರ ಜತೆ ಮಾತಾಡು. ಸಂಜೆಯ ಮೇಲೆ ಹೋಗಪ್ಪಾ, ತೋಟದ ಜೀಪುಗಳು ಮರಳುವುದು ಆಗಲೇ.